ಪೊರೆ ತೆಗೆಸಿದ ಮೇಲೆ ಅಮ್ಮ ನೋಡಿದ ಸಿನಿಮಾಗಳು

ಕ್ಯಾತ್ಸಂದ್ರ ಕ್ರಾಸ್ · ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ಹೋದ ತಿಂಗಳು ಅಮ್ಮನ ಬಲಗಣ್ಣಿನ ಪೊರೆ ತೆಗೆಸಿದೆವು. ಅವರಿಗೆ ಈಗ 66. ಮೂರ್ನಾಲ್ಕು ವರ್ಷದಿಂದ ಟಿವಿ ಅಂದರೆ ಅಮ್ಮನಿಗೆ ಬರೀ ಮಾತು ಕೇಳೋದೇ ಆಗಿತ್ತು. ಯಾರು ಬಂದರು, ಯಾರು ಹೋದರು ಅಂತ ದನಿಯಲ್ಲೇ ಗುರುತು ಹಿಡಿಯುತ್ತಿದ್ದರು. ನಮಗೆ ಅದು ಗೊತ್ತೇ ಆಗಲಿಲ್ಲ. ಅನ್ನದಲ್ಲಿ ಕಲ್ಲು ಸಿಗೋಕೆ ಶುರುವಾದ ಮೇಲೆ ಗೊತ್ತಾಯಿತು.

ಆಪರೇಷನ್ ಆದ ಮೇಲೆ ಒಲೆಯ ಹೊಗೆ ಹತ್ತಿರ ಹೋಗಬಾರದು, ಬಗ್ಗಬಾರದು, ತಲೆಗೆ ನೀರು ಹಾಕಿಕೊಳ್ಳಬಾರದು ಅಂದರು. ಜೀವಮಾನ ಪೂರ್ತಿ ಕೆಲಸ ಮಾಡಿದವರಿಗೆ ಸುಮ್ನೆ ಕೂರೋದು ಎಷ್ಟು ಕಷ್ಟ ಅಂತ ಆಗ ನೋಡಿದೆ. ಟಿವಿ ನೋಡಬಹುದು ಅಂದಿದ್ದರು. ನಾನೂ ಒಂದು ವಾರ ರಜೆ ಹಾಕಿದ್ದೆ. ಹಾಗಾಗಿ ಇಬ್ಬರೂ ಕೂತು ಸಿನಿಮಾ ನೋಡಿದೆವು.

ಮೊದಲು ಹಾಕಿದ್ದು ಬಂಗಾರದ ಮನುಷ್ಯ. ಅಮ್ಮನೇ ಕೇಳಿದ್ದು. ಅದು 1972ರ ಸಿನಿಮಾ. ಅಮ್ಮ ನೋಡಿದ್ದು ಅದಾಗಿ ಎರಡು ಮೂರು ವರ್ಷಕ್ಕೆ, ಚೇಳೂರು ಕಡೆ ಟೆಂಟು ಹಾಕಿದ್ದಾಗ. ಅಷ್ಟರಲ್ಲಿ ಪ್ರಿಂಟು ಗೀರು ಬಿದ್ದು, ತೆರೆ ಮೇಲೆ ಸದಾ ಮಳೆ ಬಂದ ಹಾಗೆ ಕಾಣುತ್ತಿತ್ತಂತೆ. ಟೆಂಟಿನಲ್ಲಿ ಒಂದೇ ಪ್ರೊಜೆಕ್ಟರು. ರೀಲು ಬದಲಿಸೋಕೆ ಅಂತ ಮೂರು ಸಲ ಬಿಡುವು. ಮುಂದೆ ಎತ್ತರದವರು ಕೂತರೆ ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಕೂರೋದು. ಸಂಜೆ ಮೈಕಿನಲ್ಲಿ ಘಂಟಸಾಲರ 'ನಮೋ ವೆಂಕಟೇಶ' ಕೇಳಿಸಿದರೆ ಟಿಕೆಟ್ ಶುರು ಅಂತ ಅರ್ಥ. ಎತ್ತು ಬಿಚ್ಚದೆ ಗಾಡಿ ತಿರುಗಿಸುತ್ತಿದ್ದರಂತೆ.

ಸಿನಿಮಾ ಶುರುವಾಗಿ ಐದು ನಿಮಿಷ ಆಗಿರಲಿಲ್ಲ, ಅಮ್ಮ ಕೇಳಿದರು: "ಆಕಾಶ ಇಷ್ಟು ನೀಲಿ ಇತ್ತೇನೋ ಇದರಲ್ಲಿ?" ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ಇನ್ನೊಂದು ಮುಚ್ಚಿ ನೋಡಿದರು. ಆಪರೇಷನ್ ಆದ ಕಣ್ಣಿನಲ್ಲಿ ನೀಲಿ, ಆಗದ ಕಣ್ಣಿನಲ್ಲಿ ಹಳದಿ. ಹಾಡು ಬಂದಾಗಲೆಲ್ಲ ಹೀಗೆ ಬದಲಿಸಿ ಬದಲಿಸಿ ನೋಡುತ್ತಿದ್ದರು.

ನಾನು ಇಲ್ಲಿ ಬರೆಯೋಕೆ ಕೂತ ಕಾರಣ ಬೇರೆ. ಹೀರೋ ರಾಜೀವ ಬಂಡೆ ಸಿಡಿಸಿ ಬಂಜರು ನೆಲವನ್ನು ಹೊಲ ಮಾಡುವ ಭಾಗ ಬಂತು. ನನಗೆ ಅದು ರಾಜ್‌ಕುಮಾರ್ ಹಾಡು. ಅಮ್ಮ ಮಾತ್ರ, "ಬಂಡೆ ಸಿಡಿಸಿದ ಮೇಲೆ ಕಲ್ಲು ಆಯಬೇಕಲ್ಲಪ್ಪ. ಹಾಡು ಮುಗಿಯೋದರೊಳಗೆ ಬೆಳೆ ಬಂತು. ನಮಗೆ ಮೂರು ವರ್ಷ ಹಿಡೀತು" ಅಂದರು. ನಮ್ಮ ಕೆರೆ ಹಿಂದಿನ ಹೊಲ ನಿಮಗೆ ಗೊತ್ತಿಲ್ಲ ಬಿಡಿ, ಅದು ಹಾಗೆ ಆದ ಹೊಲ ಅಂತ ನನಗೂ ಅವತ್ತೇ ಗೊತ್ತಾದದ್ದು. ಅಮ್ಮ, ಅಜ್ಜಿ, ಪಕ್ಕದ ಮನೆಯ ಇಬ್ಬರು ಹೆಂಗಸರು ಮೂರು ಬೇಸಿಗೆ ಮಂಕರಿಯಲ್ಲಿ ಕಲ್ಲು ಹೊತ್ತು ಹಾಕಿದ್ದಾರೆ. ಬದುವಿನ ಮೇಲೆ ಇರುವ ಕಲ್ಲಿನ ಸಾಲು ಅದೇ. ಚಿಕ್ಕಂದಿನಲ್ಲಿ ಅದರ ಮೇಲೆ ಓಡಾಡಿ ಆಡಿದವನು ನಾನು.

ಎರಡನೆಯದು ಸು ಫ್ರಮ್ ಸೋ. ಮೊಬೈಲಿನಿಂದ ಟಿವಿಗೆ ಹಾಕಿದೆ. ಕರಾವಳಿ ಮಾತು ಅಮ್ಮನಿಗೆ ಅರ್ಧ ಅರ್ಥ ಆಯಿತು, ಅರ್ಧ ಇಲ್ಲ. ಆದರೆ ಅಶೋಕನ ಮೈಮೇಲೆ ಸುಲೋಚನಾ ಬಂದಿದ್ದಾಳೆ ಅಂತ ಊರೆಲ್ಲ ಓಡಿ ಬಂದು ಅಂಗಳದಲ್ಲಿ ನಿಲ್ಲುತ್ತದಲ್ಲ, ಅದನ್ನು ನೋಡಿ ಅಮ್ಮ ನಕ್ಕ ನಗು ನಾನು ಕೇಳಿ ಎಷ್ಟೋ ವರ್ಷ ಆಗಿತ್ತು. ಸುಲೋಚನಾಳ ಮಗಳ ಕಷ್ಟ ಬಂದಾಗ ನಗು ನಿಂತಿತು. ಆಮೇಲೆ ಊಟದ ಹೊತ್ತಿಗೆ ತಮ್ಮೂರಲ್ಲಿ ಗಾಳಿ ಹಿಡಿದಿದೆ ಅಂತ ಬೇವಿನ ಸೊಪ್ಪಿನಲ್ಲಿ ಹೊಡೆಸಿಕೊಂಡ ಒಬ್ಬ ಸೊಸೆಯ ವಿಷಯ ಹೇಳಿದರು. ಗಾಳಿ ಅಲ್ಲ, ಗಂಡನ ಮನೆಯ ಕಾಟ ಅದು, ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ ಅಂದರು.

ಮೂರನೆಯದಕ್ಕೆ ಟೌನಿಗೆ ಟಾಕೀಸಿಗೇ ಕರೆದುಕೊಂಡು ಹೋದೆ. ಸಿನಿಮಾ ಹೆಸರು ಬೇಡ. ಸದ್ದು ತಡೆಯೋಕೆ ಆಗದೆ ಸೆರಗು ಕಿವಿಗೆ ಹಿಡಿದು ಕೂತಿದ್ದರು. ಇಂಟರ್ವಲ್‌ಗೆ ಎದ್ದು ಬಂದೆವು. ಬಿ.ಎಚ್. ರಸ್ತೆಯಲ್ಲಿ ಕಾಫಿ ಕುಡಿದು ಮನೆಗೆ ಬಂದೆವು.

ನಿಮ್ಮನ್ನು ಕೇಳಬೇಕು ಅನಿಸಿದ್ದು ಇಷ್ಟೇ. ಮನೆಯ ಹಿರಿಯರ ಜೊತೆ ಇತ್ತೀಚೆಗೆ ಯಾವ ಸಿನಿಮಾ ನೋಡಿದಿರಿ? ಅವರು ಅದರಲ್ಲಿ ಏನು ಕಂಡರು? ಕತೆ ಬೇಡ. ಅವರ ಕಣ್ಣಿಗೆ ಬಿದ್ದದ್ದು ಹೇಳಿ.


ಸಂಜೆ ಮೆಮು · ಶನಿವಾರ, ರಾತ್ರಿ 10:25

ಅಣ್ಣ, ಬರೆದದ್ದು ಚೆನ್ನಾಗಿದೆ. ಆದರೆ ನನ್ನ ಅಭಿಪ್ರಾಯ ಬೇರೆ, ಹೇಳಿಬಿಡುತ್ತೇನೆ.

ನಾನು ದಿನಾ ತುಮಕೂರು–ಯಶವಂತಪುರ ಓಡಾಡುವವನು. ಸಿನಿಮಾ ನೋಡೋದು ರೈಲಿನಲ್ಲೇ. ರಾತ್ರಿ ವೈಫೈಯಲ್ಲಿ ಇಳಿಸಿಕೊಂಡು ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಒಂದು ಸಿನಿಮಾಗೆ ಒಂದೂವರೆ ದಿನ. ಚಿಕ್ಕಬಾಣಾವರ ದಾಟಿದ ಮೇಲೆ ಸೀಟು ಸಿಕ್ಕರೆ ಅದೇ ಭಾಗ್ಯ. ಇಲ್ಲದಿದ್ದರೆ ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಫೋನು. ಹೀಗೆ ನೋಡುವವನಿಗೆ ಹೊಡೆದಾಟ ಬೇಕು, ಹಾಡು ಬೇಕು, ಹೀರೋ ಗೆಲ್ಲಬೇಕು. ಕಲ್ಲು ಆಯೋದು ತೋರಿಸಿದರೆ ನಾನು ನೋಡಲ್ಲ. ದಿನವಿಡೀ ನೋಡೋದು ಅದನ್ನೇ ತಾನೇ. ಸಿನಿಮಾದಲ್ಲೂ ತಪ್ಪು ಹುಡುಕುತ್ತಾ ಕೂತರೆ ಮನಸ್ಸು ಯಾವಾಗ ಹಗುರ ಆಗೋದು?

ಅಮ್ಮನಿಗೆ ಬೇಗ ಪೂರ್ತಿ ವಾಸಿಯಾಗಲಿ.


ಮಾರಿಕುಪ್ಪಂ ಮನೆ · ಶನಿವಾರ, ರಾತ್ರಿ 11:50

ನಮ್ಮದು ಕೆಜಿಎಫ್. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕಲಿತದ್ದು ಕನ್ನಡ. ತಪ್ಪಿದ್ದರೆ ತಿದ್ದಿ.

ನಮ್ಮ ನೈನಾ, ಅಂದರೆ ಅಪ್ಪ, ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ನೈನಾ ಬೆಂಗಳೂರಿನಲ್ಲಿ ವಾಚ್‌ಮನ್ ಆದರು. ಬೆಳಗಿನ ಸ್ವರ್ಣ ರೈಲು ಹತ್ತಿ ಹೋಗಿ ರಾತ್ರಿ ಬರುತ್ತಿದ್ದರು. ಈಗ ಆ ಕೆಲಸ, ಆ ಓಡಾಟ ಎರಡೂ ನಿಂತಿದೆ, ಮನೆಯಲ್ಲೇ ಇದ್ದಾರೆ.

ಕೆ.ಜಿ.ಎಫ್ ಮೊದಲ ಭಾಗ 2018ರ ಡಿಸೆಂಬರ್‌ನಲ್ಲಿ ಬಂದಾಗ ಊರಿನ ಹುಡುಗರೆಲ್ಲ ಕುಣಿದೆವು. ಸೈನೈಡ್ ಗುಡ್ಡದ ಮೇಲೆ ಸೆಟ್ ಹಾಕಿದ್ದು ನಾವೇ ನೋಡಿದ್ದೆವು. ಹೊರಗಿನವರಿಗೆ ಹೇಳುತ್ತೇನೆ, ಅದು ಗುಡ್ಡ ಅಲ್ಲ. ನೂರಿಪ್ಪತ್ತು ವರ್ಷ ಕಲ್ಲು ಪುಡಿ ಮಾಡಿ ಚಿನ್ನ ತೆಗೆದು ಉಳಿದ ಬೂದು ಮಣ್ಣು ಸುರಿದ ರಾಶಿ. ಗಾಳಿ ಬೀಸಿದರೆ ಆ ಧೂಳು ಮನೆಯೊಳಗೆ, ನೀರಿನ ಪಾತ್ರೆಯೊಳಗೆ.

ನೈನಾನನ್ನು ಆಗ ಟಾಕೀಸಿಗೆ ಕರೆದೆ, ಬರಲಿಲ್ಲ. ಹೋದ ತಿಂಗಳು ಮೊಮ್ಮಗ ಟಿವಿಯಲ್ಲಿ ಹಾಕಿದ್ದ. ಪಕ್ಕದಲ್ಲಿ ಕೂತು ಪೂರ್ತಿ ನೋಡಿದರು. ಒಂದು ಮಾತೂ ಆಡಲಿಲ್ಲ. ಮುಗಿದ ಮೇಲೆ ಮೊಮ್ಮಗ "ತಾತ, ಹೀಗೇ ಇತ್ತಾ?" ಅಂತ ಕೇಳಿದ. "ಒಳಗೆ ಯಾರೂ ಓಡಲ್ಲ ಕಣೋ. ಓಡಿದರೆ ಉಸಿರು ಸಾಲಲ್ಲ" ಅಂದರು. ಅಷ್ಟೇ.

ಆಮೇಲೆ ಎರಡು ದಿನ ಬಿಟ್ಟು ಒಂದೊಂದಾಗಿ ಹೇಳೋಕೆ ಶುರು ಮಾಡಿದರು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಜಾಸ್ತಿ ಆಳ. ಅಷ್ಟು ಕೆಳಗೆ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತದೆ. ಮೇಲಿನಿಂದ ತಂಪು ಗಾಳಿ ತಳ್ಳಿದರಷ್ಟೇ ಮನುಷ್ಯ ನಿಲ್ಲಬಹುದು. ಏರ್ ಬ್ಲಾಸ್ಟ್ ಅಂತ ನಾವು ಕರೆಯುವುದು ಬಂಡೆ ತಾನಾಗಿ ಸಿಡಿಯೋದನ್ನು. ಕೆಳಗೆ ಸಿಡಿದರೆ ಮೇಲೆ ಮನೆಯ ಪಾತ್ರೆ ಅಲುಗಾಡುತ್ತಿತ್ತು. ಪಾತ್ರೆ ಸದ್ದಾದ ತಕ್ಷಣ ನಮ್ಮ ಅಮ್ಮ ಸ್ಟವ್ ಆರಿಸಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದದ್ದು ನನಗೂ ನೆನಪಿದೆ. ಶಿಫ್ಟ್ ಮುಗಿದ ಸೈರನ್ ಆಗಿ, ನೈನಾ ರಸ್ತೆ ತಿರುವಿನಲ್ಲಿ ಕಾಣುವವರೆಗೂ ಸ್ಟವ್ ಹಚ್ಚುತ್ತಿರಲಿಲ್ಲ.

ಸಂಜೆ ಮೆಮು ಅವರೇ, ನಾನೂ ಆ ಸಿನಿಮಾ ಆರು ಸಲ ನೋಡಿದ್ದೇನೆ. ಅದರ ಕತೆ ಕಟ್ಟಿದ ಕತೆ, ಅದು ನನಗೂ ಗೊತ್ತು. ನಮ್ಮೂರಿನ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ನನಗೆ ನಿಜವಾಗಿ ಖುಷಿ. ನೋಡೋಕೆ ಬಂದವರು ಹೀರೋ ನಿಂತಿದ್ದ ಜಾಗ ಕೇಳುತ್ತಾರೆ. ಅವರಿಗೆ ಶಾಫ್ಟಿನ, ಅಂದರೆ ಗಣಿಗೆ ಇಳಿಯುವ ಬಾವಿಯ, ಕಬ್ಬಿಣದ ಗೋಪುರ ತೋರಿಸುತ್ತೇನೆ. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದದ್ದು ಈ ಊರಿಗೆ, ಬೆಂಗಳೂರಿಗಿಂತ ಮೊದಲು ಅಂತ ಹೇಳುತ್ತೇನೆ. ಕೆಲವರು ಕೇಳಿಸಿಕೊಳ್ಳುತ್ತಾರೆ.

ಆ ಸಿನಿಮಾ ಇಲ್ಲದಿದ್ದರೆ ನೈನಾ ಬಾಯಿ ಬಿಡುತ್ತಿರಲಿಲ್ಲ. ಇಪ್ಪತ್ತು ವರ್ಷ ಬಿಟ್ಟಿರಲಿಲ್ಲ.


ಹುಳಮನೆ · ಭಾನುವಾರ, ಬೆಳಿಗ್ಗೆ 5:55

ಶಿಡ್ಲಘಟ್ಟ ತಾಲೂಕಿನಿಂದ. ರೇಷ್ಮೆಹುಳ ನಾಲ್ಕನೇ ಜ್ವರ ಎದ್ದು ಮೂರು ದಿನ. ಈಗ ತಿನ್ನೋ ಹೊತ್ತು, ಹಗಲು ರಾತ್ರಿ ಸೊಪ್ಪು ಹಾಕಬೇಕು. ರೇಷ್ಮೆ ಗೊತ್ತಿಲ್ಲದವರಿಗೆ: ಹುಳ ಪೊರೆ ಬಿಡುವಾಗ ತಿನ್ನದೆ ತಲೆ ಎತ್ತಿ ನಿಂತುಬಿಡುತ್ತದೆ, ಅದಕ್ಕೆ ಜ್ವರ ಅನ್ನುತ್ತೇವೆ. ನಾಲ್ಕು ಜ್ವರ. ನಿಮ್ಮ ತಲೆಬರಹದಲ್ಲಿ ಪೊರೆ ಅಂತ ನೋಡಿ ಮೊದಲು ಇದೇ ನೆನಪಾಯಿತು ಅಣ್ಣ.

ನಾನೂ ನಮ್ಮ ಅತ್ತೆಯೂ ಸಿನಿಮಾ ನೋಡೋದು ಸೊಪ್ಪಿನ ಮಧ್ಯೆ. ಒಂದು ಸಲ ಸೊಪ್ಪು ಹಾಕಿ ಬಂದು ಅರ್ಧ ಗಂಟೆ, ಆಮೇಲೆ ಎದ್ದು ಹೋಗೋದು. ಅತ್ತೆಗೆ ಹಳೆಯ ಹಾಡುಗಳ ಕಾರ್ಯಕ್ರಮ ಇಷ್ಟ. ಮೊನ್ನೆ ಒಂದು ಹಾಡಿನಲ್ಲಿ ಹೀರೋಯಿನ್ ಮಲ್ಲಿಗೆ ಮುಡಿದು ಹುಳದ ತಟ್ಟೆಗಳ ಮಧ್ಯೆ ಓಡಾಡುತ್ತಾಳೆ. ಅತ್ತೆ ನಿಜವಾಗಿ ಸಂಕಟಪಟ್ಟರು. "ಅಯ್ಯೋ, ಹುಳಕ್ಕೆ ವಾಸನೆ ಆಗಲ್ಲಮ್ಮ" ಅಂದರು. ನಮ್ಮಲ್ಲಿ ಹುಳಮನೆಗೆ ಹೂ ಮುಡಿದು ಹೋಗಲ್ಲ. ಊದುಬತ್ತಿ ಇಲ್ಲ, ಸೊಳ್ಳೆಬತ್ತಿ ಇಲ್ಲ. ಅತ್ತೆ ಮದುವೆಯಾಗಿ ಬಂದ ವಾರವೇ ಹುಳ ದೊಡ್ಡದಾಗಿತ್ತಂತೆ. ತವರಿನಿಂದ ಮುಡಿದು ಬಂದ ಹೂವನ್ನು ಹೊಸ್ತಿಲಲ್ಲೇ ತೆಗೆಸಿದರಂತೆ. ಹೊಸ ಮದುಮಗಳು, ಹೂ ತೆಗೆ ಅಂದಾಗ ಅಳು ಬಂತು, ಯಾರೂ ಯಾಕೆ ಅಂತ ಹೇಳಲಿಲ್ಲ ಅಂದರು. ಮದುವೆಯಾಗಿ ಹನ್ನೊಂದು ವರ್ಷ ಅವರ ಜೊತೆ ಇದ್ದೇನೆ, ಈ ವಿಷಯ ನನಗೆ ಹೇಳಿರಲಿಲ್ಲ.

ನಾನು ಬಂದಾಗ ಅತ್ತೆ ನನ್ನ ಹೂ ತೆಗೆಸಿರಲಿಲ್ಲ. ಮೊದಲ ಎರಡು ಬೆಳೆ ನನ್ನನ್ನು ಹುಳಮನೆಗೇ ಬಿಟ್ಟಿರಲಿಲ್ಲ. ನನ್ನ ಕೈ ನಂಬಲ್ಲ ಅಂತ ಬೇಜಾರಾಗಿತ್ತು ಆಗ. ಈಗ ಅದು ಬೇರೆ ಥರ ಕಾಣುತ್ತಿದೆ.

ಸೊಪ್ಪಿಗೆ ಹೊತ್ತಾಯಿತು.


ಕ್ಯಾತ್ಸಂದ್ರ ಕ್ರಾಸ್ · ಭಾನುವಾರ, ಬೆಳಿಗ್ಗೆ 8:15

ಮಾರಿಕುಪ್ಪಂ ಅವರೇ, ಹುಳಮನೆ ಅಕ್ಕ, ನಿಮ್ಮಿಬ್ಬರದನ್ನೂ ಅಮ್ಮನಿಗೆ ಓದಿ ಹೇಳಿದೆ. ಸ್ಟವ್ ಆರಿಸಿ ಬಾಗಿಲಿಗೆ ಬರುತ್ತಿದ್ದ ತಾಯಿ ಈಗ ಹೇಗಿದ್ದಾರೆ ಅಂತ ಕೇಳುತ್ತಿದ್ದಾರೆ. ಹುಳ ಎಷ್ಟು ಮೊಟ್ಟೆದು ಅಂತಲೂ ಕೇಳಿದರು.

ಸಂಜೆ ಮೆಮು ತಮ್ಮ, ನಿನ್ನ ಮಾತು ನನಗೆ ಬೇಜಾರಾಗಲಿಲ್ಲ. ಆದರೆ ಅಮ್ಮ ತಪ್ಪು ಹುಡುಕುತ್ತಿರಲಿಲ್ಲ ಕಣಪ್ಪ. ಕಲ್ಲು ಆಯಬೇಕಲ್ಲ ಅಂದದ್ದು ರಾಜೀವನ ಮೇಲಿನ ಅಭಿಮಾನದಲ್ಲೇ. ಕೊನೆಯಲ್ಲಿ ಅವನು ಮನೆ ಬಿಟ್ಟು ನಡೆದು ಹೋಗುವಾಗ ಅಮ್ಮನ ಕಣ್ಣಲ್ಲಿ ನೀರು. ಡ್ರಾಪ್ಸ್ ಹಾಕಿ ಹತ್ತು ನಿಮಿಷ ಆಗಿತ್ತು, ನನಗೆ ಗಾಬರಿ. ಆ ಸಿನಿಮಾ ಮಾಡಿದ ಸಿದ್ದಲಿಂಗಯ್ಯನವರು ನಮ್ಮ ಶಿರಾ ತಾಲೂಕಿನ ತರಳಗಟ್ಟೆಯವರು. ಶಿರಾ ಕಡೆಯ ನೆಲ ನೀನೂ ನೋಡಿದ್ದೀಯ. ಬರೀ ಕಲ್ಲು, ಮಳೆ ಬಂದರೆ ಬಂತು. ಅಲ್ಲಿ ಹುಟ್ಟಿದವರಿಗೆ ಬಂಡೆ ಒಡೆದು ಬೆಳೆ ತೆಗೆಯೋದು ಎಂಥ ಕನಸು ಅಂತ ನನಗೆ ಅನಿಸುತ್ತದೆ. ಅಮ್ಮನಿಗೆ ಅದು ತಟ್ಟಿದ್ದು ಸುಮ್ನೆ ಅಲ್ಲ.


ಬಿಳಿ ಕೋಟು · ಭಾನುವಾರ, ಬೆಳಿಗ್ಗೆ 9:30

ಕೋಲಾರದಲ್ಲಿ ಕಣ್ಣಿನ ವಿಭಾಗದಲ್ಲಿ ನರ್ಸ್ ಆಗಿದ್ದೇನೆ. ಅಮ್ಮನವರ ನೀಲಿ–ಹಳದಿ ವಿಷಯ ಸರಿಯಾಗಿದೆ, ಗಾಬರಿ ಬೇಡ. ಪೊರೆ ಅಂದರೆ ಕಣ್ಣಿನ ಮೇಲೆ ಬೆಳೆಯುವ ಪದರ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಕಣ್ಣಿನೊಳಗಿನ ಮಸೂರವೇ ವಯಸ್ಸಾದಂತೆ ಮಂಜಾಗುತ್ತದೆ, ಹಳದಿಗೆ ತಿರುಗುತ್ತದೆ. ಅದು ಎಷ್ಟು ನಿಧಾನ ಅಂದರೆ ನೋಡುವವರಿಗೆ ಗೊತ್ತೇ ಆಗಲ್ಲ. ಅದನ್ನು ತೆಗೆದು ತಿಳಿಯಾದ ಹೊಸ ಲೆನ್ಸ್ ಇಟ್ಟಾಗ ನೀಲಿ, ಬಿಳಿ ಎಲ್ಲ ಹೊಳೆಯುತ್ತದೆ. ನಮ್ಮಲ್ಲಿ ಪಟ್ಟಿ ಬಿಚ್ಚಿದ ಮೇಲೆ ಅಜ್ಜಿಯರು ಮೊದಲು ನೋಡೋದು ತಮ್ಮ ಸೀರೆಯನ್ನು. ಇದು ಈ ಬಣ್ಣವಾ ಅಂತ ಕೇಳುತ್ತಾರೆ. ದಿನಾ ಕೇಳಿದರೂ ನನಗೆ ಆ ಮಾತು ಹಳೆಯದಾಗಲ್ಲ.

ಡ್ರಾಪ್ಸ್ ಡಾಕ್ಟರು ಹೇಳಿದಷ್ಟು ವಾರ ತಪ್ಪದೆ ಹಾಕಿ, ಚೆನ್ನಾಗಿ ಕಾಣುತ್ತಿದೆ ಅಂತ ನಿಲ್ಲಿಸಬೇಡಿ. ಅತ್ತರೆ ಏನೂ ಆಗಲ್ಲ. ಉಜ್ಜಬಾರದು ಅಷ್ಟೇ. ನೋವು ಬಂದರೆ, ಕೆಂಪಾದರೆ, ದೃಷ್ಟಿ ಕಮ್ಮಿ ಅನಿಸಿದರೆ ಅವತ್ತೇ ತೋರಿಸಿ.


ಕೊಬ್ಬರಿ ಸಂತೆ · ಭಾನುವಾರ, ಮಧ್ಯಾಹ್ನ 1:10

ತಿಪಟೂರಿನಿಂದ. ಈ ಮಾತುಕತೆಗೆ ಒಂದು ಸಿನಿಮಾ ಸೇರಿಸಲೇಬೇಕು: ಗುಲಾಬಿ ಟಾಕೀಸು. ವೈದೇಹಿಯವರ ಕತೆ, ಗಿರೀಶ್ ಕಾಸರವಳ್ಳಿಯವರು ಮಾಡಿದ್ದು. ಸಿನಿಮಾ ಹುಚ್ಚಿನ ಒಬ್ಬ ಸೂಲಗಿತ್ತಿ. ಹೆರಿಗೆಗೆ ಬಂದರೆ ಟಿವಿ, ಡಿಶ್ ಕೊಡಿಸುತ್ತೇವೆ ಅಂತ ಅವಳನ್ನು ಒಪ್ಪಿಸುತ್ತಾರೆ. ಟಿವಿ ಬಂದ ಮೇಲೆ ದ್ವೀಪದ ಹೆಂಗಸರೆಲ್ಲ ಅವಳ ಮನೆಗೆ ಬರೋಕೆ ಶುರು ಮಾಡುತ್ತಾರೆ. ಗುಲಾಬಿ ಆಗಿ ಮಾಡಿದವರು ಉಮಾಶ್ರೀ, ನಮ್ಮ ತಾಲೂಕಿನ ನೊಣವಿನಕೆರೆಯವರು. ಅದಕ್ಕೆ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು.

ನಾನು ಅದನ್ನು ನಮ್ಮ ದೊಡ್ಡಮ್ಮನ ಜೊತೆ ನೋಡಿದೆ. ದೊಡ್ಡಮ್ಮ ನಮ್ಮೂರಲ್ಲಿ ಹೆರಿಗೆ ಮಾಡಿಸುತ್ತಿದ್ದವರು. ಅವರು ಉಮಾಶ್ರೀ ಮುಖ ನೋಡಲೇ ಇಲ್ಲ, ಕೈ ನೋಡಿದರು. ಆಮೇಲೆ ಸೆರಗಿನಲ್ಲಿ ತಮ್ಮ ಕೈ ಒರೆಸಿಕೊಂಡರು. ಯಾಕೆ ದೊಡ್ಡಮ್ಮ ಅಂದೆ. "ಎಷ್ಟು ಮಕ್ಕಳನ್ನ ಹಿಡಿದಿದ್ದೀನೋ, ಈಗ ಹಿಡಿಯೋದು ಬರೀ ರಿಮೋಟು" ಅಂದರು. ಊರಲ್ಲಿ ನಲವತ್ತು ದಾಟಿದ ಅರ್ಧ ಜನರನ್ನು ಮೊದಲು ಮುಟ್ಟಿದ ಕೈ ಅದು. ಆಸ್ಪತ್ರೆ ಹತ್ತಿರ ಆದದ್ದು ಒಳ್ಳೆಯದೇ, ದೊಡ್ಡಮ್ಮನೂ ಅದನ್ನೇ ಹೇಳುತ್ತಾರೆ. ಆದರೂ ಆ ಮಾತು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಸ್ಯಕ್ಕೆ ಹೆಸರಾದ ನರಸಿಂಹರಾಜು ಕೂಡ ತಿಪಟೂರಿನವರೇ. ರಾಜ್‌ಕುಮಾರ್ ಮೊದಲ ಸಲ ನಾಯಕನಾದ 1954ರ ಬೇಡರ ಕಣ್ಣಪ್ಪದಲ್ಲೇ ತೆರೆಗೆ ಬಂದವರು. ಇಬ್ಬರನ್ನೂ ಬೆಳೆಸಿದ್ದು ನಾಟಕ ಕಂಪನಿಗಳು. ನಮ್ಮ ಜಿಲ್ಲೆಯ ಗುಬ್ಬಿ ವೀರಣ್ಣನವರ ಕಂಪನಿ ಇಲ್ಲದಿದ್ದರೆ ಕನ್ನಡ ಸಿನಿಮಾ ಹೇಗಿರುತ್ತಿತ್ತೋ. ಮಕ್ಕಳಿಗೆ ಇದನ್ನು ಹೇಳಿ.


ಬಾಗೇಪಲ್ಲಿ ಮೇಡಂ · ಭಾನುವಾರ, ಸಂಜೆ 4:45

ನಾನು ಕನ್ನಡ ಟೀಚರ್. ಹುಟ್ಟಿದ್ದು ಬೆಳೆದದ್ದು ಗಡಿಯಲ್ಲಿ, ಮನೆ ಮಾತು ತೆಲುಗು. ನಮ್ಮಲ್ಲಿ ಅವ್ವ ಅಂದರೆ ಅಜ್ಜಿ. ನಮ್ಮ ಅವ್ವನ ಜೊತೆ ಹೋದ ವಾರ ತಿಥಿ ನೋಡಿದೆ. ಅದರಲ್ಲಿ ಮಾಡಿದವರು ಮಂಡ್ಯ ಕಡೆಯ ಹಳ್ಳಿಯವರೇ, ನಟರಲ್ಲ. ಅವ್ವನಿಗೆ ಮಾತು ಅಷ್ಟಾಗಿ ತಿಳಿಯಲಿಲ್ಲ. ಆದರೆ ತಿಥಿಗೆ ಕುರಿ ಹೊಂದಿಸೋ ಪರದಾಟ, ಸಾಲ, ಊಟಕ್ಕೆ ಜನ ಎಷ್ಟು ಬರುತ್ತಾರೋ ಅನ್ನೋ ಲೆಕ್ಕ, ಇದಕ್ಕೆಲ್ಲ ಭಾಷೆ ಬೇಕಾಗಲಿಲ್ಲ. ತಾತ ತೀರಿಹೋದಾಗ ಯಾರ ಹತ್ತಿರ ಎಷ್ಟು ಸಾಲ ತಂದೆವು, ಯಾವಾಗ ತೀರಿಸಿದೆವು ಅಂತ ಪೈಸೆ ಪೈಸೆ ಲೆಕ್ಕ ಹೇಳಿದರು.

ನನಗೆ ಮನಸ್ಸಿನಲ್ಲಿ ಬಹಳ ದಿನದಿಂದ ಇರುವ ಒಂದು ಮಾತಿದೆ. ಕನ್ನಡ ಸಿನಿಮಾದಲ್ಲಿ ಹಳ್ಳಿ ಅಂದರೆ ಮಂಡ್ಯ–ಮೈಸೂರು ಮಾತು. ಈಚೆಗೆ ಕರಾವಳಿ ಮಾತು ಬಂದಿದೆ, ಸಂತೋಷ. ಉತ್ತರ ಕರ್ನಾಟಕದ ಮಾತೂ ಬರುತ್ತದೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಮಾತು ಎಲ್ಲಿ? ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯೋ ವಾಕ್ಯ ನಮ್ಮದು. ಸಂತೆಯಲ್ಲಿ ಬೆಲೆ ಕೇಳೋದು ತೆಲುಗು, ಜಗಳ ಆಡೋದು ಕನ್ನಡ, ಸಾಬರ ಅಂಗಡಿಯಲ್ಲಿ ಸ್ವಲ್ಪ ಉರ್ದು. ನನ್ನ ಕ್ಲಾಸಿನ ಮಕ್ಕಳು ತಮ್ಮ ಕನ್ನಡ ತಪ್ಪು ಕನ್ನಡ ಅಂತ ತಿಳಿದು ಬಾಯಿ ಮುಚ್ಚಿ ಕೂರುತ್ತಾರೆ. ಒಂದು ಸಿನಿಮಾದಲ್ಲಿ ಒಬ್ಬ ಹೀರೋ ಇವರ ಹಾಗೆ ಮಾತಾಡಿದರೆ ಸಾಕು, ನಾನು ವರ್ಷವೆಲ್ಲ ಮಾಡುವ ಕೆಲಸ ಒಂದೇ ದಿನದಲ್ಲಿ ಆಗುತ್ತದೆ. ಮೇಲೆ ಕೆಜಿಎಫ್ ತಮ್ಮ "ತಪ್ಪಿದ್ದರೆ ತಿದ್ದಿ" ಅಂತ ಬರೆದದ್ದು ನೋಡಿ ಹೊಟ್ಟೆ ಚುರುಕ್ ಅಂದಿತು. ತಪ್ಪಿಲ್ಲಪ್ಪ. ನಿನ್ನ ನೈನಾ ಮಾತು ನಾಳೆ ನನ್ನ ಮಕ್ಕಳಿಗೆ ಓದಿ ಹೇಳಲಾ?


ಮಾರಿಕುಪ್ಪಂ ಮನೆ · ಭಾನುವಾರ, ಸಂಜೆ 5:20

ಓದಿ ಮೇಡಂ. ನೈನಾಗೆ ಹೇಳಿದೆ, ತಲೆ ಆಡಿಸಿದರು. ಕ್ಯಾತ್ಸಂದ್ರದ ಅಮ್ಮನಿಗೆ ಹೇಳಿ, ನಮ್ಮ ಅಮ್ಮ ಚೆನ್ನಾಗಿದ್ದಾರೆ. ಈಗ ಗ್ಯಾಸ್ ಒಲೆ.


ನರಸಾಪುರ ಕೆರೆ · ಭಾನುವಾರ, ಸಂಜೆ 6:30

ಕೋಲಾರ ಮಂಡಿಯಿಂದ ಬರೆಯುತ್ತಿದ್ದೇನೆ, ಟೊಮೆಟೊ ಇಳಿಸುತ್ತಿದ್ದಾರೆ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿದಾಗ ಎಲ್ಲ ಚಾನೆಲ್ಲಿನವರೂ ಬಂದಿದ್ದರು. ಕೀಳಿಸಿದ ಕೂಲಿ ಹುಟ್ಟದೆ ರಸ್ತೆಗೆ ಸುರಿದು ಹೋಗುವಾಗಲೂ ಬಂದರೆ ಚೆನ್ನಾಗಿತ್ತು. ಅದನ್ನು ಬಿಡಿ.

ಅಪ್ಪನ ಜೊತೆ ನೋಡಿದ್ದು ಒಂದು ಕಪ್ಪು ಬಿಳುಪು ಸಿನಿಮಾ. ತುಂಬಿದ ಕೆರೆ, ಏರಿ ಮೇಲೆ ಹೀರೋ ಹಾಡುತ್ತಾ ಹೋಗುತ್ತಾನೆ. ನನ್ನ ಮಗಳು ಇದು ಕೇರಳವಾ ಅಂದಳು. ಅಪ್ಪನಿಗೆ ಅದು ತಡೆಯಲಿಲ್ಲ. ನಮ್ಮ ಕೆರೆ ಹೀಗೇ ಇತ್ತು ಕೂಸೇ, ಕೋಡಿ ಬಿದ್ದರೆ ಮೀನು ಹಿಡಿಯೋಕೆ ಊರೇ ಹೋಗುತ್ತಿತ್ತು ಅಂತ ಶುರು ಮಾಡಿದರು. ನನಗೆ ಬುದ್ಧಿ ಬಂದಾಗಿನಿಂದ ಕೆರೆ ಅಂದರೆ ಕ್ರಿಕೆಟ್ ಆಡುವ ಜಾಗ, ಜಾಲಿ ಮುಳ್ಳು. ಬೋರು ಸಾವಿರ ಅಡಿ ದಾಟಿದರೂ ಬರೀ ಧೂಳು. 2018ರಿಂದ ಕೆ.ಸಿ. ವ್ಯಾಲಿ ನೀರು ಬರುತ್ತಿದೆ. ಬೆಂಗಳೂರಿನ ಕೊಳಚೆಯನ್ನು ಶುದ್ಧ ಮಾಡಿ ಬಿಡುವ ನೀರು. ಆ ನೀರಿನ ಬಗ್ಗೆ ಅಪ್ಪನಿಗೆ ಪೂರ್ತಿ ನಂಬಿಕೆ ಇಲ್ಲ, ನನಗೂ ಅನುಮಾನಗಳಿವೆ. ಆದರೆ ಅವತ್ತು ಸಿನಿಮಾ ಅರ್ಧಕ್ಕೆ ನಿಲ್ಲಿಸಿ ಮೂವರೂ ಕೆರೆ ಏರಿ ಮೇಲೆ ನಡೆದು ಬಂದೆವು. ನೀರುಕಾಗೆ ಬಂದಿದ್ದವು.


ಸಂಜೆ ಮೆಮು · ಭಾನುವಾರ, ರಾತ್ರಿ 9:05

ಎಲ್ಲ ಓದಿದೆ. ಇವತ್ತು ರಜೆ, ಅಪ್ಪನ ಪಕ್ಕ ಕೂತು ನಾನೇ ಒಂದು ಸಿನಿಮಾ ಹಾಕಿದೆ. ನನಗೆ ಇಷ್ಟವಾಗುವ ಹೊಡೆದಾಟದ ಸಿನಿಮಾನೇ. ಅಪ್ಪ ಲಾರಿ ಓಡಿಸುತ್ತಿದ್ದವರು. ತಿಪಟೂರು ಕೊಬ್ಬರಿ ತುಂಬಿಕೊಂಡು ದಿಲ್ಲಿವರೆಗೂ ಹೋಗಿದ್ದಾರೆ.

ಘಾಟಿಯಲ್ಲಿ ಲಾರಿ ಅಟ್ಟಿಸಿಕೊಂಡು ಬರುವ ದೃಶ್ಯ ಬಂತು. ಅಪ್ಪನ ಎಡಗೈ ತಾನಾಗಿ ಗೇರು ಹಾಕಿತು. ನಿಜವಾಗಿ, ಕುರ್ಚಿ ಪಕ್ಕದಲ್ಲಿ ಕೈ ಆಡಿತು. "ಯಾವ ಗೇರಲ್ಲಿ ಹತ್ತಬೇಕೋ ಅದೇ ಗೇರಲ್ಲಿ ಇಳೀಬೇಕು, ಇವನು ನ್ಯೂಟ್ರಲ್ ಬಿಟ್ಟ" ಅಂದರು. ಆಮೇಲೆ ಒಂದು ರಾತ್ರಿ ಬ್ರೇಕು ಬಿಸಿಯಾಗಿ ಹಿಡಿಯದೆ, ಗಾಡಿಯನ್ನು ಗುಡ್ಡದ ಕಡೆಗೆ ಉಜ್ಜಿಸಿ ನಿಲ್ಲಿಸಿದ್ದನ್ನು ಹೇಳಿದರು. ಕ್ಲೀನರ್ ಹುಡುಗನಿಗೆ ಹದಿನಾರು ವರ್ಷ, ಅವನನ್ನು ಹಿಡಿದುಕೊಂಡು ಬೆಳಗಾಗುವವರೆಗೂ ರಸ್ತೆ ಪಕ್ಕ ಕೂತಿದ್ದರಂತೆ. ಅದು ನಾನು ಹುಟ್ಟಿದ ತಿಂಗಳು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅಮ್ಮ ಅಡುಗೆಮನೆಯಿಂದ ಬಂದು ನಿಂತರು.

ನನಗೆ ಈಗಲೂ ಹೊಡೆದಾಟದ ಸಿನಿಮಾನೇ ಇಷ್ಟ, ಅದು ಬದಲಾಗಲ್ಲ. ಆದರೆ ಇನ್ನು ಮೇಲೆ ಭಾನುವಾರ ಅಪ್ಪನ ಜೊತೆ ನೋಡೋದನ್ನು ಮೊದಲೇ ರೈಲಿನಲ್ಲಿ ನೋಡಲ್ಲ.


ಹುಳಮನೆ · ಸೋಮವಾರ, ಬೆಳಿಗ್ಗೆ 4:30

ಕ್ಯಾತ್ಸಂದ್ರದ ಅಮ್ಮನಿಗೆ: ನೂರು ಮೊಟ್ಟೆ (ಒಂದು ಚಿಟ್ಟೆ ಇಟ್ಟಷ್ಟಕ್ಕೂ ಸೇರಿಸಿ ನಾವು ಒಂದು ಮೊಟ್ಟೆ ಅನ್ನುತ್ತೇವೆ). ಸೊಪ್ಪು ಸಾಕಾಗುತ್ತದೆ ಅಂತ ಅತ್ತೆ ಹೇಳುತ್ತಿದ್ದಾರೆ. ಇನ್ನು ನಾಲ್ಕೈದು ದಿನಕ್ಕೆ ಹುಳ ಹಣ್ಣಾಗುತ್ತದೆ, ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆಗೆ ಬಿಡಬೇಕು. ಆಮೇಲೆ ಒಂದು ವಾರ ಬಿಡುವು, ಗುಲಾಬಿ ಟಾಕೀಸು ನೋಡುತ್ತೇವೆ.


ಕ್ಯಾತ್ಸಂದ್ರ ಕ್ರಾಸ್ · ಬುಧವಾರ, ರಾತ್ರಿ 10:50

ಎಲ್ಲರದ್ದನ್ನೂ ಅಮ್ಮನಿಗೆ ಓದಿದ್ದೇನೆ. ದೊಡ್ಡಮ್ಮನ ಕೈ ವಿಷಯವನ್ನು ಎರಡು ಸಲ ಓದಿಸಿದರು. ನಾಳೆ ಎಡಗಣ್ಣಿನ ಆಪರೇಷನ್. ಬೆಳಿಗ್ಗೆ ಏಳಕ್ಕೆ ಹೊರಡಬೇಕು.

ಇವತ್ತು ಸಂಜೆ ಊಟ ಬೇಗ ಮುಗಿಸಿದೆವು. ಬೇಗ ಮಲಗಲಿ ಅಂತ ನಾನು ಹಾಸಿಗೆ ಹಾಸುತ್ತಿದ್ದೆ. ಅಮ್ಮ ಟಿವಿ ಮುಂದೆ ಕೂತು, "ಬಂಗಾರದ ಮನುಷ್ಯ ಇನ್ನೊಂದ್ಸಲ ಹಾಕು" ಅಂದರು. ಪೂರ್ತಿ ಬೇಡ, ಹಾಡುಗಳು ಸಾಕು ಅಂದರು. ಹಾಕಿದೆ.

ಬಲಗಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡರು. ಒತ್ತಬೇಡಿ ಅಂದೆ. ಒತ್ತಿಲ್ಲ ಬಿಡು ಅಂದರು. ಎಡಗಣ್ಣಿನಲ್ಲಿ, ಆ ಹಳದಿ ಕಣ್ಣಿನಲ್ಲಿ, ಬಂಡೆ ಸಿಡಿಯುವ ಹಾಡು ಪೂರ್ತಿ ನೋಡಿದರು. ಯಾಕಮ್ಮ, ಈ ಕಣ್ಣಲ್ಲಿ ಚೆನ್ನಾಗಿ ಕಾಣಲ್ಲ ತಾನೇ ಅಂದೆ.

"ಟೆಂಟಲ್ಲಿ ಹಿಂಗೇ ಕಾಣ್ತಿತ್ತು" ಅಂದರು.

ಹಾಡು ಮುಗಿದ ಮೇಲೂ ಕೈ ತೆಗೆಯಲಿಲ್ಲ. ಇನ್ನೊಂದು ಹಾಕು ಅಂದರು.